ಅರ್ಧ ಟ್ಯಾಂಕಿನೊಳಗಿನ ಊರುಗಳು

ನನಗೆ ಬುದ್ಧಿ ತಿಳಿದಾಗಿನಿಂದ ನಮ್ಮ ಕಾರಿನ ಪೆಟ್ರೋಲ್ ಮುಳ್ಳು ಅರ್ಧಕ್ಕಿಂತ ಒಂದು ಕೂದಲೆಳೆ ಮೇಲೆ ನಿಂತಿತ್ತು. ಟ್ಯಾಂಕು ತುಂಬಿದ್ದರೂ ಅಲ್ಲೇ, ಒಣಗಿದ್ದರೂ ಅಲ್ಲೇ. ಚಿಕ್ಕವಳಿದ್ದಾಗ ಮುಂದಿನ ಸೀಟಿನಲ್ಲಿ ಮಂಡಿಯೂರಿ, ಅದರ ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದೆ. ಕೆನೆಬಣ್ಣದ ಪುಟ್ಟ ಮುಖ, ಕಪ್ಪು ಗೆರೆಗಳು, ಸೂಜಿಯಂಥ ಮುಳ್ಳು. ಅದನ್ನು ಗಡಿಯಾರವೆಂದೇ ತಿಳಿದಿದ್ದೆ. ಕಾರಿನೊಳಗೆ ಯಾವಾಗಲೂ ಒಂದೇ ಹೊತ್ತು ಇರುತ್ತದೆ ಎಂದು ನಂಬಿದ್ದೆ.

ಆ ಕಾರು ಅಪ್ಪನಿಗೆ ಬಂದದ್ದು ಕೊಡಗಿನ ಅಂಚಿನ ಕಾಫಿ ತೋಟದ ಯಜಮಾನರೊಬ್ಬರಿಂದ. ಅಪ್ಪ ಅವರ ಬಳಿ ಬಹಳ ವರ್ಷ ಡ್ರೈವರ್ ಆಗಿದ್ದ. ಯಜಮಾನರು ಹೊಸ ಜೀಪು ತಂದ ವರ್ಷ ಹಳೆಯ ಕರಿ ಕಾರನ್ನು ಅಪ್ಪನಿಗೆ ಬಿಟ್ಟುಕೊಟ್ಟರು. ಇಂಗ್ಲೆಂಡಿನಲ್ಲಿ ತಯಾರಾದದ್ದು, ಅವ್ವ ಹುಟ್ಟುವುದಕ್ಕೂ ಮೊದಲಿನದಂತೆ. ಕಟ್ಟೆಮಳಲವಾಡಿಯ ನಮ್ಮ ಮನೆಗೆ ಬಂದ ಮೇಲೆ ಅದು ಮದುವೆ ಕಾರಾಯಿತು. ಹುಣಸೂರಿನ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲು ಛತ್ರ ಹುಡುಕುತ್ತಿದ್ದರು, ಆಮೇಲೆ ವಾಲಗದವರನ್ನು, ಆಮೇಲೆ ಅಪ್ಪನನ್ನು. ಮದುವೆಯಿಂದ ವಾಪಸು ಬಂದ ಕಾರಿನೊಳಗೆ ಎರಡು ದಿನ ಮಲ್ಲಿಗೆಯ ವಾಸನೆ ಇರುತ್ತಿತ್ತು. ಅಕ್ಕ ಮತ್ತು ನಾನು ಹಿಂದಿನ ಸೀಟಿನ ಸಂದಿಯಲ್ಲಿ ಕೈ ಹಾಕಿ ಉದುರಿದ ಅಕ್ಷತೆ ಕಾಳು ಹುಡುಕುತ್ತಿದ್ದೆವು.

ಮುಳ್ಳು ಕೆಲಸ ಮಾಡದ ಕಾರಣ ಅಪ್ಪ ಪೆಟ್ರೋಲನ್ನು ಕಡ್ಡಿಯಿಂದ ಅಳೆಯುತ್ತಿದ್ದ. ಅದೊಂದು ಬಿದಿರಿನ ಸೀಳು. ಅದರ ಮೇಲೆ ಚಾಕುವಿನಿಂದ ಮೂರು ಕಚ್ಚು ಹಾಕಿದ್ದ. ಕೆಳಗಿನ ಕಚ್ಚು ಎಡತೊರೆ. ಕೆ.ಆರ್. ನಗರವನ್ನು ಅಪ್ಪನ ವಯಸ್ಸಿನವರು ಈಗಲೂ ಹಾಗೇ ಕರೆಯುತ್ತಾರೆ. ನಡುವಿನದು ಪಿರಿಯಾಪಟ್ಟಣ, ಮೇಲಿನದು ಹೆಗ್ಗಡದೇವನಕೋಟೆ; ಮಾತಿನಲ್ಲಿ ಬರೀ ಪಟ್ಣ, ಕೋಟೆ. ಕಡ್ಡಿಯನ್ನು ಟ್ಯಾಂಕಿನ ಬಾಯಿಯಿಂದ ತಳ ಮುಟ್ಟುವವರೆಗೆ ಇಳಿಸಿ, ಎತ್ತಿ, ಒದ್ದೆ ಎಲ್ಲಿಯವರೆಗೆ ಬಂದಿದೆ ಎಂದು ನೋಡಬೇಕು. ಪೆಟ್ರೋಲು ಬಲುಬೇಗ ಆರುತ್ತದೆ. ಒದ್ದೆ ಗೆರೆ ಕಣ್ಣೆದುರಿಗೇ ಕೆಳಗೆ ಸರಿಯುತ್ತಿತ್ತು. ಅದು ಸರಿಯುವ ಮೊದಲು ಅಪ್ಪ ನೋಡಿ ಮುಗಿಸಿರುತ್ತಿದ್ದ. "ಪಟ್ಣಕ್ಕೋಗಿ ಬರೋವಷ್ಟೈತೆ" ಎನ್ನುತ್ತಿದ್ದ. ಎಷ್ಟು ಲೀಟರು ಎಂದು ಅವನು ಹೇಳಿದ್ದು ನಾನು ಕೇಳಿಲ್ಲ.

ನಾನು ಪಿಯುಸಿಯಲ್ಲಿದ್ದಾಗ ಒಂದು ಮದುವೆಯಲ್ಲಿ ಕಡ್ಡಿ ಕೈಕೊಟ್ಟಿತು. ಅಂತರಸಂತೆಯಲ್ಲಿ ಗಂಡನ್ನು ಹತ್ತಿಸಿಕೊಂಡು ಕೋಟೆಯ ಛತ್ರಕ್ಕೆ ಹೋಗಬೇಕಿತ್ತು. ಹೊರಡುವ ಮುಂಚೆ ಅಪ್ಪ ಗಂಡಿನ ಮನೆಯ ಮುಂದೆಯೇ ಅಳೆದು ನೋಡಿದ್ದ, ಬೇಕಾದಷ್ಟಿತ್ತು. ಅರ್ಧ ದಾರಿಯಲ್ಲಿ, ಎರಡೂ ಕಡೆ ಕಾಡಿರುವ ಜಾಗದಲ್ಲಿ, ಕಾರು ಎರಡು ಸಲ ಬಿಕ್ಕಿ ನಿಂತಿತು. ಟ್ಯಾಂಕು ಒಣಗಿತ್ತು. ಮದುವೆಗೆ ಹೊರಟ ಗಾಡಿ ದಾರಿಯಲ್ಲಿ ನಿಲ್ಲಬಾರದು ಎಂಬುದು ನಮ್ಮ ಕಡೆ ಎಷ್ಟು ಗಟ್ಟಿಯಾದ ನಂಬಿಕೆಯೆಂದರೆ, ಹೊರಟ ಮೇಲೆ ಯಾರಾದರೂ ಏನಾದರೂ ಮರೆತಿದ್ದರೆ ಅದನ್ನು ಹಿಂದಿನ ಗಾಡಿಯವರು ತರಬೇಕೇ ಹೊರತು ಮುಂದಿನದನ್ನು ನಿಲ್ಲಿಸುವ ಹಾಗಿಲ್ಲ. ಅಂಥದ್ದರಲ್ಲಿ ಗಂಡು ಪೇಟ ಕೈಯಲ್ಲಿ ಹಿಡಿದು ಮುಕ್ಕಾಲು ಗಂಟೆ ರಸ್ತೆಯ ಪಕ್ಕ ನಿಂತಿದ್ದ. ಕೊನೆಗೆ ಭತ್ತದ ಹುಲ್ಲು ಹೇರಿದ್ದ ಟ್ರಾಕ್ಟರಿನ ಮೇಲೆ ಛತ್ರ ಸೇರಿದ. ಮುಹೂರ್ತ ಮೀರಿತ್ತು.

ಆಮೇಲೆ ಯಾರೂ ಅಪ್ಪನನ್ನು ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿದ್ದನೋ ಇಲ್ಲವೋ. ಹೊಗೆಸೊಪ್ಪು ಸಾಗಿಸುವ ಟೆಂಪೋ ಓಡಿಸತೊಡಗಿದ. ಕಾರು ನಮ್ಮ ಬ್ಯಾರನ್ನಿನ, ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮಣ್ಣಿನ ಕಟ್ಟಡದ, ಪಕ್ಕದಲ್ಲಿ ಟಾರ್ಪಾಲಿನಡಿ ನಿಂತಿತು. ಪ್ರತಿ ಸೋಮವಾರ ಅಪ್ಪ ಟಾರ್ಪಾಲು ಸರಿಸಿ, ಒಂದು ಬಾಟಲಿ ಪೆಟ್ರೋಲು ಹಾಕಿ, ಐದು ನಿಮಿಷ ಎಂಜಿನ್ ಓಡಿಸಿ, ಮತ್ತೆ ಮುಚ್ಚುತ್ತಿದ್ದ. ಹೀಗೆ ಆರು ವರ್ಷ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯ ಆರಂಭದಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಗಂಡಿನ ಊರು ಪಿರಿಯಾಪಟ್ಟಣ, ಛತ್ರವೂ ಅಲ್ಲೇ. ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಪರೀಕ್ಷೆ ಮುಗಿಸಿ ಮನೆಗೆ ಬಂದಿದ್ದೆ. ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತಿದ್ದ ಅಪ್ಪ ತಟ್ಟೆಯನ್ನೇ ನೋಡುತ್ತಾ ಹೇಳಿದ:

"ನನ್ ಮಗಳ್ನ ನಾನೇ ಕಾರ್‌ಲಿ ಕರ್ಕೊಂಡೋಗ್ತೀನಿ."

ಅವ್ವ ಒಲೆಯ ಮುಂದಿನಿಂದ ತಿರುಗಲಿಲ್ಲ. "ಯಾವ್ ಕಾರ್‌ಲಿ?"

"ನಮ್ತಾವ ಎಷ್ಟ್ ಕಾರ್ ಅವೆ?"

"ನಮ್ಮಣ್ಣ ಆಗ್ಲೇ ವ್ಯಾನ್ ಹೇಳವ್ನೆ."

"ವ್ಯಾನ್‌ಲಿ ನೆಂಟ್ರು ಬರ್ಲಿ."

"ನೋಡ್ರೀ, ಮೊದ್ಲು ಆ ಮುಳ್ಳು ಅಲ್ಲಾಡ್ಲಿ. ಅದು ಅಲ್ಲಾಡುದ್ರೆ ನೀವೇ ಓಡ್ಸಿ, ನಾ ಮಾತಾಡಲ್ಲ. ಕಡ್ಡಿ ನಂಬ್ಕೊಂಡು ನನ್ ಮಗಳ್ನ ಟ್ರಾಕ್ಟರ್ ಹತ್ತುಸ್ನಾರೆ."

ಅಕ್ಕ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಟ್ರಾಕ್ಟರ್‌ಗೇ ಹೂ ಕಟ್ಟಣ ಬುಡವ್ವ. ಎತ್ರುದಲ್ಲಿ ಕೂತ್ರೆ ಊರ್ಗೆಲ್ಲಾ ಕಾಣ್ತೀನಿ" ಎಂದಳು.

ಅಪ್ಪ ನಗಲಿಲ್ಲ. ಕೈ ತೊಳೆದುಕೊಂಡು ಬಂದು ನನ್ನ ಹತ್ತಿರ ನಿಂತ. ಅವನು ನನ್ನನ್ನು ಏನನ್ನಾದರೂ ಕೇಳುವುದು ಅಪರೂಪ. "ನೀನ್ ಓದಿರೋದ್ರಲ್ಲಿ ಈ ಮುಳ್ಳುಂದು ಬತ್ತದಾ ಮಗಾ?" ಎಂದ.

ಬರುತ್ತದೆ ಎಂದೆ. ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಕೆಲಸ ಮಾಡಲು ನಾನು ಬ್ಯಾರನ್ನಿನ ಒಳಗೆ ಜಾಗ ಮಾಡಿಕೊಂಡೆ. ಸೊಪ್ಪೆಲ್ಲ ಮಾರಾಟವಾಗಿ ಅದು ಖಾಲಿಯಿತ್ತು. ಒಳಗೆ ಗಾಳಿಯಾಡುವುದಿಲ್ಲ, ಯಾರೂ ಬರುವುದಿಲ್ಲ. ಗೋಡೆಗಳಿಗೆ ಇಷ್ಟು ವರ್ಷ ಬೆಂದ ಸೊಪ್ಪಿನ ವಾಸನೆ ಅಂಟಿಕೊಂಡಿತ್ತು. ಜೇನಿಗೂ ಬೆಲ್ಲಕ್ಕೂ ನಡುವಿನ ವಾಸನೆ. ಮೇಲಿನ ಕಿಂಡಿಯಿಂದ ಬಿಸಿಲು ಒಂದು ಹಲಗೆಯಂತೆ ಇಳಿದು ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ಸರಿಯುತ್ತಿತ್ತು. ನಾನು ಹಳೆಯ ಮಣೆಯೊಂದನ್ನು ಹಿಡಿದು ಅದರ ಹಿಂದೆಯೇ ಸರಿಯುತ್ತಿದ್ದೆ. ಮಾತನಾಡಬೇಕಾದ ಅಗತ್ಯವಿಲ್ಲದ ಅಂಥ ದಿನಗಳು ನನಗೆ ಆಮೇಲೆ ಹೆಚ್ಚು ಸಿಗಲಿಲ್ಲ.

ಮೀಟರನ್ನು ಅಪ್ಪ ಬಿಚ್ಚಿಕೊಟ್ಟ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟೇ ಇತ್ತು. ಹಿಂದೆ ಎರಡು ತಿರುಪು, ಒಂದು ಬ್ಯಾಟರಿಯ ತಂತಿಗೆ, ಇನ್ನೊಂದು ಟ್ಯಾಂಕಿನಿಂದ ಬರುವ ತಂತಿಗೆ. ಗಾಜಿನ ಸುತ್ತಲಿನ ಹಿತ್ತಾಳೆ ಬಳೆಯನ್ನು ಬಿಡಿಸಿ ಮುಖವನ್ನು ಕಳಚಿದಾಗ ಒಳಗಿನ ಏರ್ಪಾಡು ಕಂಡಿತು. ತಾಮ್ರದ ತಂತಿಯ ಎರಡು ಸಣ್ಣ ಸುರುಳಿಗಳು, ಅವುಗಳ ನಡುವೆ ಒಂದು ಚೂರು ಕಬ್ಬಿಣ, ಅದರ ಬೆನ್ನಿಗೆ ಮುಳ್ಳು. ಒಂದು ಸುರುಳಿ ಕಬ್ಬಿಣವನ್ನು ಖಾಲಿಯ ಕಡೆಗೆ ಎಳೆಯುತ್ತದೆ, ಇನ್ನೊಂದು ತುಂಬಿದ ಕಡೆಗೆ. ಟ್ಯಾಂಕಿನೊಳಗಿನ ತೇಲುಬುರುಡೆ ಮೇಲೆ ಕೆಳಗೆ ಆಗುವುದರ ಮೇಲೆ ಯಾವ ಸುರುಳಿಯ ಬಲ ಹೆಚ್ಚು ಎಂಬುದು ತೀರ್ಮಾನವಾಗುತ್ತದೆ. ಇಷ್ಟೇ. ಎರಡು ವರ್ಷ ನಾನು ಇದಕ್ಕಿಂತ ಎಷ್ಟೋ ಕಷ್ಟದ್ದನ್ನು ಓದಿದ್ದೆ. ಆದರೆ ಓದಿದ್ದು ಯಾವುದೂ ಹೀಗೆ ಅಂಗೈ ಮೇಲೆ ಕೂತಿರಲಿಲ್ಲ.

ಟಾರ್ಚಿನ ಸೆಲ್ಲು, ಬಲ್ಬು ಇಟ್ಟು ಪರೀಕ್ಷಿಸಿದೆ. ಎರಡೂ ಸುರುಳಿಗಳು ಸರಿಯಿದ್ದವು. ಮುಳ್ಳು ತಿರುಗುವ ಮೊಳೆಯಲ್ಲಿ ಮಾತ್ರ ಹಳೆಯ ಎಣ್ಣೆ, ಧೂಳು ಸೇರಿ ಅರಗಿನಂತೆ ಗಟ್ಟಿಯಾಗಿತ್ತು. ಹತ್ತಿಗೆ ಪೆಟ್ರೋಲು ಅದ್ದಿ, ಸೂಜಿಯ ಮೊನೆಯಿಂದ ಒಂದೊಂದೇ ಹನಿ ಬಿಡುತ್ತಾ ಒಂದಿಡೀ ಮಧ್ಯಾಹ್ನ ಕೂತೆ. ನಾಲ್ಕು ಗಂಟೆಯ ಹೊತ್ತಿಗೆ ಮೆಲ್ಲಗೆ ಉಸಿರು ಬಿಟ್ಟರೆ ಮುಳ್ಳು ಅಲುಗಿತು. ಇನ್ನೊಮ್ಮೆ ಊದಿದೆ. ಮತ್ತೆ ಅಲುಗಿತು. ಯಾರನ್ನೂ ಕರೆಯಲಿಲ್ಲ. ಬಿಸಿಲು ಗೋಡೆ ಹತ್ತುವವರೆಗೂ ಊದುತ್ತಲೇ ಇದ್ದೆ.

ಟ್ಯಾಂಕಿನ ಬುರುಡೆಯದು ಇನ್ನೊಂದು ಕಥೆ. ಮೊಟ್ಟೆಯ ಗಾತ್ರದ ಹಿತ್ತಾಳೆಯ ಬುರುಡೆ. ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಪೆಟ್ರೋಲು ಗಳಗಳ ಎಂದಿತು. ಎಲ್ಲೋ ತೂತಾಗಿ, ಪೆಟ್ರೋಲು ಒಳಸೇರಿ, ತೇಲಬೇಕಾದದ್ದು ಮುಳುಗಿ ಕೂತಿತ್ತು. ತೂತು ಕಣ್ಣಿಗೆ ಕಾಣದಷ್ಟು ಸಣ್ಣದು. ಹಂಡೆಯಿಂದ ಚೊಂಬಿಗೆ ಬಿಸಿನೀರು ತೋಡಿ, ಒಲೆಯಿಂದ ದೂರ ಅಂಗಳಕ್ಕೆ ತಂದು ಬುರುಡೆಯನ್ನು ಅದರಲ್ಲಿ ಅದ್ದಿ ಹಿಡಿದೆ. ಬೆಸುಗೆಯ ಗೆರೆಯ ಒಂದು ಕಡೆಯಿಂದ ಗುಳ್ಳೆಗಳ ಸಾಲೊಂದು ಮೇಲೆದ್ದು ಬಂತು, ಮಲ್ಲಿಗೆ ಮೊಗ್ಗಿನ ಮಾಲೆಯ ಹಾಗೆ. ಒಳಗಿನದೆಲ್ಲ ಆವಿಯಾಗಿ ಹೋಗುವವರೆಗೆ ನೋಡುತ್ತಾ ಕೂತೆ.

"ಏನೇ ಇದು ಮುಂಡೇದು ವಾಸ್ನೆ? ಸ್ನಾನದ್ ಚೊಂಬ್ನೆಲ್ಲಾ ಪೆಟ್ರೋಲ್ ಬಂಕ್ ಮಾಡವ್ಳೆ!" ಎಂದು ಅವ್ವ ಒಳಗಿನಿಂದ ಕೂಗಿದಳು.

ಮಾರನೆಯ ದಿನ ಹುಣಸೂರಿನಲ್ಲಿ ಪಾತ್ರೆಗೆ ಕಲಾಯಿ ಹಾಕುವ ಮುದುಕರೊಬ್ಬರ ಹತ್ತಿರ ಬುರುಡೆ ತೆಗೆದುಕೊಂಡು ಹೋದೆ. ಅವರು ಅದನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, "ಏನ್ ತಾಯಿ ಇದು, ಮಗೀಗೆ ಗಿಲಕೀನಾ?" ಎಂದರು. ಕಾರಿನದು ಎಂದೆ. "ಕಾರ್‌ಗೂ ಗಿಲಕಿ ಬಂತಾ ಈಗ" ಎಂದು ತಲೆಯಾಡಿಸಿ, ನಾನು ಗುರುತು ಹಾಕಿದ್ದ ಜಾಗಕ್ಕೆ ಸಾಸಿವೆ ಕಾಳಿನಷ್ಟು ಬೆಸುಗೆ ಇಟ್ಟರು. ಹೆಚ್ಚು ಇಟ್ಟರೆ ಭಾರವಾಗುತ್ತದೆ ಎಂದು ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು.

ಮನೆಗೆ ಬಂದಾಗ ಅವ್ವ ಅಂಗಳದಲ್ಲಿ ಮದುವೆಗೆಂದು ದೀಪದ ಕಂಬ, ತಂಬಿಗೆ, ಆರತಿ ತಟ್ಟೆಗಳನ್ನೆಲ್ಲ ಹರಡಿಕೊಂಡು ಕೂತಿದ್ದಳು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ಹಿತ್ತಾಳೆಯೆಲ್ಲ ಬಿಸಿಲಿಗೆ ಉರಿಯುತ್ತಿತ್ತು. ಆ ಸಾಲಿನ ಕೊನೆಯಲ್ಲಿ, ಕುಂಕುಮದ ಬಟ್ಟಲಿನ ಪಕ್ಕ, ನನ್ನ ಮೀಟರಿನ ಮುಖ ಇತ್ತು. ಹಿತ್ತಾಳೆಯ ತೆಳು ಬಿಲ್ಲೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೆನೆಬಣ್ಣವಿರಲಿಲ್ಲ, ಗೆರೆಗಳಿರಲಿಲ್ಲ, ಅಕ್ಷರಗಳಿರಲಿಲ್ಲ.

"ಬ್ಯಾರನ್‌ಲಿ ಮಣೆ ಮೇಲಿತ್ತು" ಎಂದಳು ಅವ್ವ. "ಇಷ್ಟ್ ಕೊಳೆ ಆಗಿರೋದ ಇಟ್ಕಂಡು ಹೆಂಗ್ ರಿಪೇರಿ ಮಾಡೀಯೆ ಅಂತ ತೊಳ್ದೆ. ನೋಡು, ಒಳಗೆ ಹಿತ್ತಾಳೆ ಐತೆ ಕಣೆ!"

ನಾನು ಬಿಲ್ಲೆಯನ್ನೇ ನೋಡಿದೆ. ನನ್ನ ಮುಖವೇ ಹೇಳಿತೆಂದು ಕಾಣುತ್ತದೆ. ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಿಲ್ಲೆಯನ್ನು ಹತ್ತಿರ ಹಿಡಿದು ನೋಡಿದಳು. "ಅದು ಕೊಳೆ ಅಲ್ವಾ?" ಎಂದಳು ಸಣ್ಣ ದನಿಯಲ್ಲಿ.

ಮದುವೆಗೆ ಹನ್ನೊಂದು ದಿನ ಉಳಿದಿತ್ತು. ಮುಳ್ಳು ಈಗ ಅಲ್ಲಾಡಬಲ್ಲುದಾಗಿತ್ತು, ಆದರೆ ಅದು ತೋರಿಸುವುದಕ್ಕೆ ಏನೂ ಇರಲಿಲ್ಲ. ಗೆರೆಗಳನ್ನು ಮೊದಲಿನಿಂದ ಹಾಕಬೇಕು. ಹಾಕಬೇಕಾದರೆ ಖಾಲಿ ಟ್ಯಾಂಕಿಗೆ ಒಂದೊಂದೇ ಲೀಟರು ಹೊಯ್ದು ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಮಾಡಿಕೊಳ್ಳಬೇಕು. ಬಿಲ್ಲೆಗೆ ಬಿಳಿ ಬಣ್ಣ ಬಳಿದು ಒಣಗಿಸಿ ಮೀಟರನ್ನು ಜೋಡಿಸಿದೆ. ಅಪ್ಪ ಟ್ಯಾಂಕು ಬರಿದು ಮಾಡಿದ. ನಾನು ಸೀಮೆಎಣ್ಣೆ ಅಳೆಯುವ ಲೀಟರಿನ ಪಾತ್ರೆಯಲ್ಲಿ ಹೊಯ್ಯುವುದು, ಅವನು ಒಳಗೆ ಕೂತು ಕೀ ತಿರುಗಿಸಿ ಗಾಜಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕುವುದು. ಮೊದಲ ಸಲ ಮುಳ್ಳು ಮಲಗಿದ ಕಡೆಯಿಂದ ಎದ್ದಾಗ ಅವನು ಪೆನ್ಸಿಲು ಎತ್ತುವುದನ್ನೇ ಮರೆತ. ನಾನು ಹಿಂದಿನಿಂದ "ಬಂತಾ?" ಎಂದು ಕೂಗಿದೆ. ತುಂಬ ಹೊತ್ತಾದ ಮೇಲೆ "ಬತ್ತಾ ಐತೆ, ಬತ್ತಾ ಐತೆ" ಎಂಬ ಉತ್ತರ ಬಂತು, ಮಗು ನಡೆಯುವುದನ್ನು ನೋಡುತ್ತಿರುವವರ ದನಿಯಲ್ಲಿ.

ಕೆಲಸದ ನಡುವೆ ಅವನು ಕೇಳಿದ: "ಲೀಟ್ರು ಯಾಕವ್ವ? ಊರು ಬರಿ."

"ಊರು ಹೆಂಗಪ್ಪ ಬರೆಯೋದು? ಎಲ್ಲಿಂದ ಹೊರಡ್ತೀವಿ, ಎಷ್ಟು ಜನ ಕೂತಿರ್ತಾರೆ, ಅದರ ಮೇಲೆ ವ್ಯತ್ಯಾಸ ಆಗುತ್ತೆ. ಲೀಟರಾದ್ರೆ ಯಾವಾಗ್ಲೂ ಲೀಟರೇ."

"ನಾವ್ ಯಾವಾಗ್ಲೂ ಇಲ್ಲಿಂದ್ಲೇ ತಾನೆ ಹೊರಡಾದು" ಎಂದ ಅಪ್ಪ.

ನಾನು ಒಪ್ಪಲಿಲ್ಲ. ಅಳತೆಯ ವಿಷಯದಲ್ಲಿ ಆಗ ನನಗೆ ಸ್ವಲ್ಪ ಹಟವಿತ್ತು.

ಎರಡನೆಯ ದಿನ ಅಳತೆಯನ್ನು ಇನ್ನೊಮ್ಮೆ ಮಾಡಿ ತಾಳೆ ನೋಡೋಣವೆಂದೆ. ಆ ದಿನ ಬ್ಯಾರನ್ನಿನ ಪಕ್ಕದಲ್ಲಿ ಚಪ್ಪರದ ಗಳುಗಳನ್ನು ರಾಶಿ ಹಾಕಿದ್ದರಿಂದ ಕಾರನ್ನು ಮಟ್ಟವಾದ ಕಣಕ್ಕೆ ತಂದು ನಿಲ್ಲಿಸಿದೆವು. ಗುರುತುಗಳು ತಾಳೆಯಾಗಲಿಲ್ಲ. ನೋಟುಪುಸ್ತಕ ಹಿಡಿದು ಯೋಚಿಸಿದಾಗ ಕಾರಣ ಹೊಳೆಯಿತು: ಬ್ಯಾರನ್ನಿನ ಪಕ್ಕದ ನೆಲ ಇಳಿಜಾರು. ಗಾಡಿ ಓರೆಯಾಗಿ ನಿಂತರೆ ಟ್ಯಾಂಕಿನೊಳಗಿನ ಪೆಟ್ರೋಲು ಒಂದು ಕಡೆಗೆ ಸೇರುತ್ತದೆ. ಮುಳ್ಳಿಗೂ ಹಾಗೆ, ಕಡ್ಡಿಗೂ ಹಾಗೆ. ಕಡ್ಡಿ ಇಳಿಸುವ ಬಾಯಿ ಟ್ಯಾಂಕಿನ ಹಿಂಬದಿಯಲ್ಲಿದೆ.

ಆಗ ಬಾಯಿಗೆ ಬಂದದ್ದನ್ನು ನಾನು ಅಲ್ಲೇ ಕೇಳಿಬಿಟ್ಟೆ. "ಅಪ್ಪ, ಅಂತರಸಂತೇಲಿ ಅವತ್ತು ಗಾಡಿ ಹೆಂಗೆ ನಿಂತಿತ್ತು?"

ಅಪ್ಪ ಕಾರಿನಿಂದ ಇಳಿದ. ನೆನಪು ಮಾಡಿಕೊಳ್ಳಬೇಕಾದ ಅಗತ್ಯವೇ ಅವನಿಗಿರಲಿಲ್ಲ. "ಅವ್ರ ಮನೆ ಏರ್ ಮೇಲೆ. ಮೂತಿ ಮೇಲಾಗಿತ್ತು."

"ಹಾಗಾದ್ರೆ ಕಡ್ಡಿ ಜಾಸ್ತಿ ತೋರ್ಸಿರುತ್ತೆ. ಪೆಟ್ರೋಲೆಲ್ಲ ಹಿಂದಕ್ಕೆ ಬಂದಿರುತ್ತೆ. ಅಷ್ಟೇ ಕಾರಣ."

ಅವನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆರು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅಪ್ಪ ಕಾರಿನ ಹಿಂಭಾಗವನ್ನು ನೋಡುತ್ತಾ ನಿಂತ. "ಮಟ್ಟಕ್ಕೆ ತಂದು ಅಳೀಬೇಕಿತ್ತು" ಎಂದ. "ನೂರ್ ಸಲ ಅಳ್ದಿವ್ನಿ. ಅಷ್ಟು ಗೊತ್ತಾಗ್ಲಿಲ್ವಲ್ಲ." ಟ್ಯಾಂಕಿನ ಬಾಯಿಯ ಮುಚ್ಚಳ ತಿರುಗಿಸುತ್ತಾ, "ಟ್ಯಾಂಕೇ ಎಲ್ಲೋ ಸೋರ್ತೇನೋ ಅನ್ಕಂಡಿದ್ದೆ ಇಷ್ಟ್ ದಿನ" ಎಂದ.

ಸೋರುವ ಟ್ಯಾಂಕು ಅವನ ತಪ್ಪಾಗಿರಲಿಲ್ಲ. ಅದನ್ನು ನಾನು ಅವನಿಂದ ಕಿತ್ತುಕೊಂಡಿದ್ದೆ.

ಅಪ್ಪ ಕಾರನ್ನು ಬ್ಯಾರನ್ನಿನ ಹತ್ತಿರಕ್ಕೆ ತಂದು ಟಾರ್ಪಾಲು ಹೊದಿಸಿದ, ನಾಲ್ಕು ಮೂಲೆಗೂ ಕಲ್ಲಿಟ್ಟ. ಸಂಜೆ ಕಾಫಿ ಕುಡಿಯುವಾಗ ಅವ್ವನಿಗೆ ಹೇಳಿದ: "ಎಲ್ರೂ ವ್ಯಾನ್‌ಲೇ ಹೋಗ್ಬುಡಣ."

"ಮುಳ್ಳು ಆಡ್ತದೆ ಅಂದ್ಳಲ್ಲ ಇವ್ಳು?"

"ಮುಳ್ಳಾಡ್ತದೆ. ನಂಗಾಗಲ್ಲ ಕಣೆ."

ಅವ್ವ ನನ್ನ ಕಡೆ ನೋಡಿದಳು. ನಾನು ಲೋಟದೊಳಗೆ ನೋಡಿದೆ.

ಮಾರನೆಯ ಬೆಳಿಗ್ಗೆ ಬ್ಯಾರನ್ನಿನೊಳಗೆ ಹೋಗಿ ಕೂತೆ. ಗೆರೆ ಎಳೆಯಲೆಂದು ಮತ್ತೆ ಬಿಚ್ಚಿ ತಂದಿದ್ದ ಮೀಟರಿನ ಬಿಳಿ ಮುಖ ಮಣೆಯ ಮೇಲಿತ್ತು. ಲೀಟರುಗಳ ಲೆಕ್ಕವೆಲ್ಲ ನೋಟುಪುಸ್ತಕದಲ್ಲಿ ಸಿದ್ಧವಾಗಿತ್ತು. ಐದು, ಹತ್ತು, ಹದಿನೈದು ಎಂದು ಗೆರೆ ಎಳೆದರೆ ಮುಗಿಯಿತು. ನಕ್ಷೆ ಬರೆಯುವ ನಿಬ್ಬನ್ನು ಶಾಯಿಗೆ ಅದ್ದಿದೆ. ಕೈ ಮುಂದೆ ಹೋಗಲಿಲ್ಲ. ಬಿಸಿಲಿನ ಹಲಗೆ ಒಂದು ಮೊಳ ಸರಿಯುವವರೆಗೆ ಸುಮ್ಮನೆ ಕೂತಿದ್ದೆ. ಆಮೇಲೆ ಎದ್ದು ಹೋಗಿ, ಸೂರಿನಲ್ಲಿ ಸಿಕ್ಕಿಸಿದ್ದ ಬಿದಿರಿನ ಕಡ್ಡಿ ತಂದೆ. ಕಚ್ಚುಗಳ ಎತ್ತರವನ್ನು ಅಳೆದು, ಮಟ್ಟದ ನೆಲದಲ್ಲಿ ಪ್ರತಿಯೊಂದಕ್ಕೂ ಎಷ್ಟು ಲೀಟರಾಗುತ್ತದೆ, ಅಷ್ಟಕ್ಕೆ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದೆ. ಖಾಲಿಗೆ ಒಂದು ಸೊನ್ನೆ ಬರೆದೆ. ಅದರ ಬಲಕ್ಕೆ ಸಣ್ಣ ಗೆರೆ, ಗೆರೆಯ ಮೇಲೆ 'ಎ'. ಆಮೇಲೆ 'ಪಿ'. ಆಮೇಲೆ 'ಕೋ'.

ಬರೆದು ಮುಗಿಸಿದ ಮೇಲೆ ಗಮನಿಸಿದೆ: ನಮ್ಮ ಊರುಗಳೆಲ್ಲ ಅರ್ಧ ಟ್ಯಾಂಕಿನೊಳಗೇ ಮುಗಿದಿದ್ದವು. ಅಲ್ಲಿಂದಾಚೆಗೆ ಬರೆಯಲು ಅಪ್ಪನ ಕಡ್ಡಿಯಲ್ಲಿ ಊರಿರಲಿಲ್ಲ. ಬಲಗಡೆಯ ಅರ್ಧ ಬರೀ ಬಿಳಿ. ಅದನ್ನು ಹಾಗೇ ಬಿಟ್ಟೆ. ಅಕ್ಕ ಮದುವೆಗೆಂದು ತಂದಿಟ್ಟಿದ್ದ ಬಣ್ಣವಿಲ್ಲದ ಉಗುರು ಪಾಲಿಶನ್ನು ಅಕ್ಷರ ಅಳಿಯದಂತೆ ಮೇಲೆ ಬಳಿದೆ.

"ಅದ್ಕೂ ಅಲಂಕಾರ ಮಾಡಿದ್ಯಾ?" ಎಂದಳು ಅಕ್ಕ. ಅರ್ಧ ಸೀಸೆ ಖಾಲಿಯಾಗಿದ್ದಕ್ಕೆ ಬೇರೇನೂ ಹೇಳಲಿಲ್ಲ.

ಬಿಲ್ಲೆಯನ್ನು ಅಪ್ಪನಿಗೆ ತೋರಿಸುವ ಧೈರ್ಯ ನನಗಿರಲಿಲ್ಲ. ಅವ್ವನ ಕೈಗೆ ಕೊಟ್ಟೆ. ಅವ್ವನಿಗೆ ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಗೊತ್ತಿತ್ತು. ಬೆಳಕಿಗೆ ಹಿಡಿದು ಒಂದೊಂದಾಗಿ ಓದಿದಳು. "ಎ... ಎಡತೊರೆ. ಪಿ, ಪಟ್ಣ. ಕೋ, ಕೋಟೆ." ಇನ್ನೊಮ್ಮೆ ಓದಿದಳು. ಆಮೇಲೆ ನೇರವಾಗಿ ಜಗಲಿಗೆ ಹೋಗಿ, ವಾಲಗದವರ ಜೊತೆ ಮಾತನಾಡಿ ಕಳಿಸಿ ಬಂದು ಕೂತಿದ್ದ ಅಪ್ಪನ ತೊಡೆಯ ಮೇಲೆ ಅದನ್ನಿಟ್ಟಳು.

"ಓದಿದೋಳು ನಿಮ್ ಕಡ್ಡೀನ ಇದ್ರೊಳಕ್ ಹಾಕವ್ಳೆ. ತಗಳಿ. ಮಗಳ್ನ ನೀವೇ ಕರ್ಕೊಂಡೋಗಿ."

"ಅವತ್ತಿನಂಗಾದ್ರೆ?"

"ನಾ ಮುಂದ್ಗಡೆ ಕೂತ್ಕತೀನಿ. ನಾ ನೋಡ್ತೀನಿ ಮುಳ್ಳ. ನೀವು ರೋಡ್ ನೋಡಿ."

ಅಪ್ಪ ಬಿಲ್ಲೆಯನ್ನು ಹೆಬ್ಬೆರಳಿನಿಂದ ಒರೆಸಿದ, ಅಳಿಯುತ್ತದೆಯೇ ಎಂದು ನೋಡುವ ಹಾಗೆ. ಅಳಿಯಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಗೆ ಹೊರಟೆವು. ಬಾನೆಟ್ಟಿಗೆ ಚೆಂಡುಹೂವಿನ ಸರ, ಹಿಂದೆ ಅಕ್ಕ, ಅವಳ ಪಕ್ಕದಲ್ಲಿ ಹಣ್ಣಿನ ತಟ್ಟೆ ಹಿಡಿದ ನಾನು. ನೆಂಟರ ವ್ಯಾನು ನಮ್ಮ ಹಿಂದೆ. ಟ್ಯಾಂಕಿಗೆ ಅಪ್ಪ 'ಕೋ' ದಾಟುವಷ್ಟು ಹಾಕಿಸಿದ್ದ. ಪಿರಿಯಾಪಟ್ಟಣಕ್ಕೆ ಅದು ಬೇಕಾದ್ದಕ್ಕಿಂತ ಹೆಚ್ಚು. ಆದರೂ ಕಾರು ಊರ ಬಾಗಿಲು ದಾಟುತ್ತಿದ್ದ ಹಾಗೆ ಅವನ ಕುತ್ತಿಗೆಯ ನರ ಬಿಗಿದುಕೊಂಡದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಇನ್ನೊಂದೂ ಕಂಡಿತು: ಅವನು ಮೀಟರನ್ನು ನೋಡುತ್ತಿರಲಿಲ್ಲ. ಒಂದು ಸಲವೂ ನೋಡಲಿಲ್ಲ. ಕನ್ನಡಿ ನೋಡುವಾಗಲೂ ಕಣ್ಣನ್ನು ಆ ಮೂಲೆಯಿಂದ ತಪ್ಪಿಸಿ ಒಯ್ಯುತ್ತಿದ್ದ.

ನೋಡುವ ಕೆಲಸವನ್ನು ಅವ್ವ ವಹಿಸಿಕೊಂಡಿದ್ದಳು. ರೇಷ್ಮೆ ಸೀರೆಯುಟ್ಟು, ಸೀಟಿನ ತುದಿಗೆ ಕೂತು, ಮೀಟರಿನ ಮೇಲೆ ಬಾಗಿ, ಬಸ್ಸಿನ ಕಂಡಕ್ಟರಿನ ಹಾಗೆ ಕೂಗುತ್ತಿದ್ದಳು. "ಕೋಟೆ ಮೇಲೈತೆ. ನಡೀರಿ." ಸ್ವಲ್ಪ ದೂರ ಹೋದ ಮೇಲೆ, "ಕೋಟೆಗೇ ಐತೆ ಇನ್ನೂವೆ." ಗುಂಡಿಯಲ್ಲಿ ಕಾರು ಕುಲುಕಿದಾಗ ಮುಳ್ಳು ಹಿಂದೆ ಮುಂದೆ ತೂಗುತ್ತಿತ್ತು. 'ಪಿ'ಯಿಂದ 'ಕೋ'ಗೆ, 'ಕೋ'ಯಿಂದ ಬಿಳಿಗೆ, ಮತ್ತೆ ವಾಪಸು. ಅವ್ವ ಅದನ್ನೂ ಗದರಿಸಿದಳು: "ಏಯ್, ಒಂದ್ಕಡೆ ನಿಂತ್ಕ. ನಿಂಗೇನ್ ಅವಸ್ರ?"

ಹುಣಸೂರು ದಾಟುವ ಕಡೆ ರಸ್ತೆಯ ಎಡಕ್ಕೆ ಪೆಟ್ರೋಲ್ ಬಂಕು ಬಂತು. ಕಾರಿನ ವೇಗ ಇಳಿಯಿತು. ಅಪ್ಪನ ಎಡಗೈ ಸ್ಟೇರಿಂಗಿನ ಮೇಲೆ ಸರಿದು ಚಕ್ರ ತುಸು ಎಡಕ್ಕೆ ಹೊರಳಿತು. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಹೆಣ್ಣು ಕೂತ ಗಾಡಿ ನಿಲ್ಲಬಾರದು. ನಿಂತರೆ ಹಿಂದಿನ ವ್ಯಾನಿನವರೆಲ್ಲ ನೋಡುತ್ತಾರೆ, ಆಡುತ್ತಾರೆ. ಆದರೆ ಅಪ್ಪನಿಗೆ ಆ ಹೊತ್ತಿನಲ್ಲಿ ಎದುರಿಗೆ ಕಾಣುತ್ತಿದ್ದದ್ದು ಹುಣಸೂರಿನ ರಸ್ತೆಯಲ್ಲವೆಂದು ನನಗನ್ನಿಸಿತು.

"ಒಂಚೂರು ಹಾಕ್ಸ್ಬುಡ್ತೀನಿ" ಎಂದ.

ಅವ್ವ ಈ ಸಲ ಕೂಗಲಿಲ್ಲ. "ಪಟ್ಣುದ್ ಮೇಲೇ ಐತೆ ಕಣ್ರೀ ಮುಳ್ಳು" ಎಂದಳು ಮೆಲ್ಲಗೆ. "ನಾ ನೋಡ್ತಾ ಇವ್ನಿ. ನಡೀರಿ."

ಬಂಕಿನ ಮುಂದೆ ಕಾರು ನಡಿಗೆಯ ವೇಗದಲ್ಲಿ ಹೋಯಿತು. ಪೈಪು ಹಿಡಿದು ನಿಂತವನು ನಮ್ಮನ್ನೇ ನೋಡುತ್ತಿದ್ದ. ಆಮೇಲೆ ಚಕ್ರ ನೇರವಾಯಿತು.

ಅಲ್ಲಿಂದಾಚೆಯ ದಾರಿ ನನಗೆ ನೀರಿನೊಳಗಿಂದ ಕಂಡಂತೆ ನೆನಪಿದೆ. ಸೊಪ್ಪು ಕಿತ್ತ ಹೊಲಗಳ ಕೆಂಪು, ದೂರದೂರಕ್ಕೆ ನಿಂತ ಬ್ಯಾರನ್ನುಗಳು, ರಸ್ತೆಯ ಮೇಲೆ ಬಾಗಿದ ಮರಗಳ ನೆರಳು ಬಾನೆಟ್ಟಿನ ಮೇಲೆ ಹತ್ತಿ, ಗಾಜಿನ ಮೇಲೆ ಹಾದು, ಅಕ್ಕನ ಮಡಿಲಿಗೆ ಬಿದ್ದು ಹಿಂದೆ ಹೋಗುತ್ತಿತ್ತು. ಅವ್ವ ಮಾತ್ರ ಆಗಾಗ ಒಂದು ಊರಿನ ಹೆಸರು ಹೇಳುತ್ತಿದ್ದಳು. ಹೆಸರು ಹೇಳಿದಾಗಲೆಲ್ಲ ಅಪ್ಪ "ಹ್ಞೂಂ" ಎನ್ನುತ್ತಿದ್ದ. ನಾವು ಎಲ್ಲಿದ್ದೇವೆ ಎಂದು ಅವಳು ಹೇಳುತ್ತಿದ್ದಾಳೋ, ಇನ್ನೂ ಎಲ್ಲಿಯವರೆಗೆ ಹೋಗಬಹುದು ಎಂದೋ, ಕೇಳುತ್ತಾ ಕೇಳುತ್ತಾ ನನಗೆ ಎರಡೂ ಬೆರೆತುಹೋದವು. ಅಕ್ಕ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು.

ಛತ್ರದ ಮುಂದೆ ಗಂಡಿನ ಕಡೆಯ ಹೆಂಗಸರು ಕಳಶ, ಆರತಿ ಹಿಡಿದು ಕಾಯುತ್ತಿದ್ದರು. ವಾಲಗ ಶುರುವಾಯಿತು. ಅಪ್ಪ ಕಾರನ್ನು ಅವರೆದುರಿಗೆ ಸರಿಯಾಗಿ ನಿಲ್ಲಿಸಿ, ಕೀ ತಿರುಗಿಸಿ ಎಂಜಿನ್ ಆರಿಸಿದ.

"ಅಯ್ಯೋ!" ಎಂದು ಅವ್ವ ಎದೆಗೆ ಕೈಯಿಟ್ಟುಕೊಂಡಳು. "ರೀ! ಸೊನ್ನೆಗ್ ಬಿದ್ದೋಯ್ತು! ಇಲ್ಲೀಗಂಟ ಚೆನ್ನಾಗಿತ್ತು, ಈಗ ಖಾಲಿ ತೋರುಸ್ತದೆ!"

ಕೀ ತೆಗೆದರೆ ಕರೆಂಟು ಹೋಗುತ್ತದೆ, ಮುಳ್ಳು ಕೆಳಗಿಳಿಯುತ್ತದೆ. ಅಳತೆ ಮಾಡಿದ ಎರಡು ದಿನವೂ ಅವ್ವ ಕಾರಿನ ಹತ್ತಿರ ಬಂದಿರಲಿಲ್ಲ. ಹೇಳಬೇಕಾದದ್ದನ್ನು ನಾನು ಹೇಳಿರಲಿಲ್ಲ. ಈಗ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನಗತೊಡಗಿದ. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಕುಲುಕುವಂತೆ. ಸ್ಟೇರಿಂಗಿಗೆ ಹಣೆ ಒರಗಿಸಿಕೊಂಡು ನಕ್ಕ.

"ಕೀ ತಗ್ದೆ ಕಣೆ. ಅದು ಮನಗ್ತು."

"ಮನಗ್ತಾ?"

"ನೋಡಿಲ್ಲಿ." ಅಪ್ಪ ಕೀ ತಿರುಗಿಸಿದ. ಮುಳ್ಳು ನಿಧಾನವಾಗಿ ಎದ್ದಿತು. ಅವ್ವ ಅದರ ಜೊತೆಯಲ್ಲೇ ತಲೆಯೆತ್ತಿದಳು. ತೆಗೆದ. ಇಳಿಯಿತು.

"ಇನ್ನೊಂದ್ಸಲ ಮಾಡಿ" ಎಂದಳು ಅವ್ವ.

ಹೊರಗೆ ಆರತಿಯ ತಟ್ಟೆ ಹಿಡಿದವರು ಬಗ್ಗಿ ಗಾಜಿನೊಳಗೆ ನೋಡುತ್ತಿದ್ದರು. ಅಕ್ಕ ನಿದ್ದೆಯಿಂದೆದ್ದು ಸೆರಗು ಸರಿಮಾಡಿಕೊಳ್ಳುತ್ತಾ, "ನಾನ್ ಇಳೀಲಾ, ಇಲ್ಲಾ ನೀವ್ ಮುಳ್ಳೇ ನೋಡ್ತಾ ಕೂತಿರ್ತೀರಾ?" ಎಂದಳು.

ಅವ್ವ ಬಾಗಿಲು ತೆರೆದು ಇಳಿದಳು. ಅಕ್ಕ ಇಳಿದಳು. ತಟ್ಟೆ ಹಿಡಿದು ಇಳಿಯಲು ನನಗೆ ಸ್ವಲ್ಪ ತಡವಾಯಿತು. ಕಾರಿನಲ್ಲಿ ತಾನೊಬ್ಬನೇ ಉಳಿದಿದ್ದೇನೆ ಎಂದುಕೊಂಡು ಅಪ್ಪ ಮತ್ತೊಂದು ಸಲ ಕೀ ತಿರುಗಿಸಿದ. ಈ ಸಲ ಬಗ್ಗಿ, ಮುಳ್ಳು ಏಳುವುದನ್ನು ಮೊದಲಿನಿಂದ ಕೊನೆಯವರೆಗೆ ಅವನೇ ನೋಡಿದ.